ಮಂಕು ಪರದೆಯ ಆಟ ಗೆದ್ದ ಕಥೆ

ಅದು 1989ರ ವರ್ಷಾಂತ್ಯ. ಅಮೆರಿಕದ ಆಟಿಕೆ ಅಂಗಡಿಗಳಲ್ಲಿ ಕ್ರಿಸ್‌ಮಸ್ ವ್ಯಾಪಾರದ ಭರಾಟೆ. ಕೈಯಲ್ಲಿ ಹಿಡಿದು ಆಡುವ ಎರಡು ಹೊಸ ವಿಡಿಯೋ ಆಟದ ಯಂತ್ರಗಳು ಆ ವರ್ಷ ಮಾರಾಟಕ್ಕೆ ಬಂದಿದ್ದವು. ಒಂದು, ಅಟಾರಿ ಕಂಪನಿಯ ಲಿಂಕ್ಸ್. ಅದರ ಪರದೆ ಬಣ್ಣದ್ದು. ಹಿಂಬದಿಯಿಂದ ಬೆಳಕು ಬೀರುವಂಥದು, ಕತ್ತಲೆಯಲ್ಲೂ ಆಡಬಹುದು. ಇನ್ನೊಂದು, ಜಪಾನಿನ ನಿಂಟೆಂಡೊ ಕಂಪನಿಯ ಗೇಮ್ ಬಾಯ್. ಅದರ ಪರದೆಗೆ ಬಣ್ಣವೇ ಇಲ್ಲ. ಪಾಚಿಗಟ್ಟಿದ ಕೊಳದ ನೀರಿನಂಥ ಹಸಿರು ಹಿನ್ನೆಲೆಯ ಮೇಲೆ ನಾಲ್ಕು ಛಾಯೆಗಳ ಮಸುಕು ಚಿತ್ರ. ಹೊರಗಿನ ಬೆಳಕು ಬೀಳದಿದ್ದರೆ ಅದೂ ಕಾಣದು. ವೇಗವಾಗಿ ಚಲಿಸುವ ವಸ್ತುವಿನ ಹಿಂದೆ ಹೊಗೆಯಂತೆ ಒಂದು ನೆರಳು ಬೇರೆ.

ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದವರು ಲಿಂಕ್ಸ್‌ಗೇ ಗೆಲುವು ಎಂದು ಪಣ ಕಟ್ಟಬಹುದಿತ್ತು. ಆದದ್ದು ಬೇರೆ. ಲಿಂಕ್ಸ್ ಕೆಲವೇ ವರ್ಷಗಳಲ್ಲಿ ಅಂಗಡಿಗಳಿಂದ ಮರೆಯಾಯಿತು. ಗೇಮ್ ಬಾಯ್ ಮತ್ತು ಮುಂದೆ ಬಂದ ಅದರದೇ ಬಣ್ಣದ ಆವೃತ್ತಿ ಸೇರಿ ಜಗತ್ತಿನಾದ್ಯಂತ 11 ಕೋಟಿ 80 ಲಕ್ಷಕ್ಕೂ ಹೆಚ್ಚು ಮಾರಾಟವಾದವು.

'ಈಗಿನ ವಿಡಿಯೋ ಆಟಗಳಲ್ಲಿ ಚಿತ್ರದ ಬೆಡಗೇ ಹೆಚ್ಚು, ಆಡುವ ಸುಖ ಕಡಿಮೆ' ಎಂಬ ದೂರು ಇಂದು ನಿನ್ನೆಯದಲ್ಲ. ವಿಡಿಯೋ ಆಟ ಎಂಬ ಉದ್ಯಮಕ್ಕೆ ಎಷ್ಟು ವಯಸ್ಸೋ ಬಹುಮಟ್ಟಿಗೆ ಈ ದೂರಿಗೂ ಅಷ್ಟೇ ವಯಸ್ಸು. ದೂರಿನಲ್ಲಿ ಹುರುಳಿದೆಯೇ? ಇದ್ದರೆ ಮತ್ತೆ ಮತ್ತೆ ಹಾಗೇಕೆ ಆಗುತ್ತದೆ? ಉತ್ತರ ಹುಡುಕಲು ಗೇಮ್ ಬಾಯ್‌ನ ಕಥೆಗಿಂತ ಒಳ್ಳೆಯ ದಾರಿ ಇಲ್ಲ. ಆದರೆ ಅದಕ್ಕೆ ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಚುಕ್ಕಿಗಳ ಕಾಲ

ಅಮೆರಿಕದ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ 1958ರಲ್ಲಿ ಸಾರ್ವಜನಿಕರ ವೀಕ್ಷಣೆಗೆಂದು ವಿಲಿಯಂ ಹಿಗಿನ್‌ಬಾಥಮ್ ಎಂಬ ಭೌತವಿಜ್ಞಾನಿ ಒಂದು ಆಟ ಸಿದ್ಧಪಡಿಸಿದ. ವಿದ್ಯುತ್ ಅಲೆಗಳನ್ನು ಅಳೆಯುವ ಆಸಿಲೋಸ್ಕೋಪಿನ ಪುಟ್ಟ ಪರದೆಯ ಮೇಲೆ ಒಂದು ಅಡ್ಡಗೆರೆ, ನಡುವೆ ಒಂದು ಗಿಡ್ಡ ಗೆರೆ, ಅದರ ಮೇಲಿಂದ ಹಾರಾಡುವ ಒಂದು ಬೆಳಕಿನ ಚುಕ್ಕಿ. ಅಷ್ಟೇ ಅದರ ಟೆನಿಸ್. ಅದನ್ನು ಆಡಲು ಜನ ಸಾಲುಗಟ್ಟಿ ನಿಂತರು. 1962ರಲ್ಲಿ ಎಂ.ಐ.ಟಿ.ಯ ಸ್ಟೀವ್ ರಸೆಲ್ ಮತ್ತು ಗೆಳೆಯರು ಪಿಡಿಪಿ-1 ಎಂಬ ಕಂಪ್ಯೂಟರಿಗೆ 'ಸ್ಪೇಸ್‌ವಾರ್' ಬರೆದರು. ಎರಡು ನೌಕೆಗಳು, ನಡುವೆ ಎಲ್ಲವನ್ನೂ ತನ್ನತ್ತ ಸೆಳೆಯುವ ಒಂದು ನಕ್ಷತ್ರ. ಚಿತ್ರ ಹೇಳಿಕೊಳ್ಳುವಂಥದಲ್ಲ. ಆದರೆ ಆ ಸೆಳೆತವನ್ನು ಬಳಸಿಕೊಂಡು ಎದುರಾಳಿಯ ಹಿಂದೆ ಹೇಗೆ ಬರಬಹುದು ಎಂದು ಲೆಕ್ಕ ಹಾಕುವುದರಲ್ಲಿ ವಿದ್ಯಾರ್ಥಿಗಳು ರಾತ್ರಿಗಳನ್ನು ಕಳೆದರು.

ವಿಡಿಯೋ ಆಟ ಹಣ ತರುವ ವ್ಯಾಪಾರವಾದದ್ದು 1972ರಲ್ಲಿ, ಅಟಾರಿಯ 'ಪಾಂಗ್' ಮೂಲಕ. ಅದನ್ನು ಕಟ್ಟಿದವರು ಅಲನ್ ಆಲ್ಕಾರ್ನ್ ಎಂಬ ಯುವ ಎಂಜಿನಿಯರ್. ಪರದೆಯ ಎರಡೂ ಬದಿಗೆ ಒಂದೊಂದು ಬಿಳಿ ಪಟ್ಟಿ, ನಡುವೆ ಚೌಕಾಕಾರದ ಚೆಂಡು. ಆಲ್ಕಾರ್ನ್ ತಲೆ ಓಡಿಸಿದ್ದು ಚಿತ್ರದಲ್ಲಲ್ಲ, ಪಟ್ಟಿಯ ವರ್ತನೆಯಲ್ಲಿ. ಚೆಂಡು ಪಟ್ಟಿಯ ನಡುವೆ ತಾಗಿದರೆ ನೇರ ಹೋಗುತ್ತದೆ, ಅಂಚಿಗೆ ತಾಗಿದರೆ ಓರೆಯಾಗಿ ಸಿಡಿಯುತ್ತದೆ. ಆಟ ಮುಂದುವರಿದಂತೆ ಚೆಂಡಿನ ವೇಗ ಹೆಚ್ಚುತ್ತದೆ. ಮಂಡಲದ ದೋಷದಿಂದಾಗಿ ಪಟ್ಟಿ ಪರದೆಯ ತುತ್ತತುದಿಯನ್ನು ಮುಟ್ಟುತ್ತಿರಲಿಲ್ಲ. ಅಲ್ಲೊಂದು ಕಂಡಿ ಉಳಿಯುತ್ತಿತ್ತು. ಅದನ್ನು ಸರಿಪಡಿಸುವ ಗೋಜಿಗೆ ಆತ ಹೋಗಲಿಲ್ಲ. ಎಂಥ ಚತುರನೂ ಒಮ್ಮೊಮ್ಮೆ ಸೋಲಲೇಬೇಕಲ್ಲ! ಕ್ಯಾಲಿಫೋರ್ನಿಯಾದ ಸನಿವೇಲ್‌ನ ಒಂದು ಪಾನಗೃಹದಲ್ಲಿ ಇಟ್ಟ ಮೊದಲ ಯಂತ್ರ ಕೆಲವೇ ದಿನಗಳಲ್ಲಿ ಕೆಟ್ಟು ನಿಂತಿತು. ಬಿಚ್ಚಿ ನೋಡಿದರೆ ಬೇರೆ ದೋಷವೇನೂ ಇರಲಿಲ್ಲ, ನಾಣ್ಯ ಬೀಳುವ ಡಬ್ಬಿ ತುಂಬಿ ತುಳುಕಿತ್ತು.

ಯಂತ್ರದ ದೌರ್ಬಲ್ಯವೇ ಆಟದ ಸೊಗಸಾಗುವುದಕ್ಕೆ ಇನ್ನೂ ಒಳ್ಳೆಯ ಉದಾಹರಣೆ 1978ರ 'ಸ್ಪೇಸ್ ಇನ್‌ವೇಡರ್ಸ್'. ಟೈಟೊ ಕಂಪನಿಯ ತೊಮೊಹಿರೊ ನಿಶಿಕಾಡೊ ಇದರ ಕರ್ತೃ. ಆಕಾಶದಿಂದ ಸಾಲುಸಾಲಾಗಿ ಇಳಿದುಬರುವ ಅನ್ಯಗ್ರಹದ ಜೀವಿಗಳನ್ನು ಕೆಳಗಿನಿಂದ ಗುಂಡು ಹಾರಿಸಿ ಕೆಡವಬೇಕು. ಅಷ್ಟು ಜೀವಿಗಳನ್ನು ಒಟ್ಟಿಗೆ ಚಲಿಸಲು ಆ ಕಾಲದ ಚಿಪ್ಪಿಗೆ ಏದುಸಿರು. ಒಂದೊಂದನ್ನೇ ಕೆಡವುತ್ತ ಬಂದಂತೆ ಅದರ ಹೊರೆ ಇಳಿಯುತ್ತಿತ್ತು, ಉಳಿದವು ವೇಗವಾಗಿ ಚಲಿಸತೊಡಗುತ್ತಿದ್ದವು. ಕೊನೆಯ ಒಂದು ಜೀವಿಯಂತೂ ಮಿಂಚಿನಂತೆ ಓಡುತ್ತಿತ್ತು. ನಿಶಿಕಾಡೊ ಇದನ್ನು ತಿದ್ದದೆ ಹಾಗೆಯೇ ಬಿಟ್ಟರು. ಗೆಲುವು ಸಮೀಪಿಸಿದಂತೆ ಆಟ ಕಠಿಣವಾಗುತ್ತ ಹೋಗುವ ಆ ರೋಮಾಂಚನ ಹುಟ್ಟಿದ್ದು ಹೀಗೆ, ಚಿಪ್ಪಿನ ಬಡತನದಿಂದ.

1981ರ 'ಡಾಂಕಿ ಕಾಂಗ್' ಆಟದಲ್ಲಿ ಮೊದಲು ಕಾಣಿಸಿಕೊಂಡ ಮಾರಿಯೋನ ಮುಖವೂ ಇಂಥದೇ ಬಡತನದ ಕೂಸು. ಬೆರಳೆಣಿಕೆಯ ಚುಕ್ಕಿಗಳಲ್ಲಿ ಬಾಯಿ ಬಿಡಿಸಲು ಆಗುತ್ತಿರಲಿಲ್ಲ, ಅದಕ್ಕೆ ಮೀಸೆ. ತಲೆಗೂದಲು ಬಿಡಿಸಲು ಆಗುತ್ತಿರಲಿಲ್ಲ, ಅದಕ್ಕೆ ಟೋಪಿ. ಶಿಗೆರು ಮಿಯಾಮೊಟೊ ಹೀಗೆ ರೂಪಿಸಿದ ಆ ಕುಳ್ಳ ಇಂದು ಜಗತ್ಪ್ರಸಿದ್ಧ.

ಚಂದಕ್ಕೆ ಮಾರುಹೋದ ವರ್ಷ

ಚಿತ್ರವೇ ಮುಂದಾಗಿ ಆಟ ಹಿಂದಾದ ಮೊದಲ ದೊಡ್ಡ ಪ್ರಸಂಗ 1983ರದು. ಆ ವರ್ಷ ಅಮೆರಿಕದ ಆಟದ ಅಂಗಡಿಗಳಿಗೆ 'ಡ್ರ್ಯಾಗನ್ಸ್ ಲೇರ್' ಬಂತು. ಡಿಸ್ನಿ ಸಂಸ್ಥೆಯಿಂದ ಹೊರಬಂದಿದ್ದ ಡಾನ್ ಬ್ಲೂತ್ ಎಂಬ ಕಲಾವಿದ ಅದಕ್ಕೆ ಪೂರ್ಣಪ್ರಮಾಣದ ವ್ಯಂಗ್ಯಚಿತ್ರ ಚಲನಚಿತ್ರವನ್ನೇ ಬರೆದುಕೊಟ್ಟಿದ್ದರು. ಲೇಸರ್ ತಟ್ಟೆಯ ಮೇಲೆ ಅಚ್ಚಾದ ಆ ಚಿತ್ರ ಸಿನಿಮಾದಷ್ಟೇ ಸುಂದರ. ಪಕ್ಕದ ಯಂತ್ರಗಳಲ್ಲಿ ಚೌಕುಳಿ ಚುಕ್ಕಿಗಳು ಕುಪ್ಪಳಿಸುತ್ತಿದ್ದರೆ ಇಲ್ಲಿ ಕತ್ತಿ ಹಿಡಿದ ವೀರ, ಬೆಂಕಿ ಉಗುಳುವ ಡ್ರ್ಯಾಗನ್. ಉಳಿದ ಆಟಗಳಿಗೆ 25 ಸೆಂಟ್, ಇದಕ್ಕೆ 50. ಆದರೂ ಜನ ಮುಗಿಬಿದ್ದರು.

ಆದರೆ ಆಡುವುದೇನು? ಚಿತ್ರ ತನ್ನಷ್ಟಕ್ಕೆ ಓಡುತ್ತಿರುತ್ತದೆ. ಒಂದು ನಿರ್ದಿಷ್ಟ ಕ್ಷಣದಲ್ಲಿ ಎಡಕ್ಕೋ ಬಲಕ್ಕೋ ಕಡ್ಡಿಯನ್ನು ತಳ್ಳಬೇಕು, ಇಲ್ಲವೇ ಕತ್ತಿಯ ಗುಂಡಿ ಒತ್ತಬೇಕು. ಸರಿಯಾದರೆ ಚಿತ್ರ ಮುಂದೆ, ತಪ್ಪಿದರೆ ವೀರನ ಸಾವು. ಯಾವಾಗ ಯಾವ ಕಡೆ ಎಂಬುದನ್ನು ಬಾಯಿಪಾಠ ಮಾಡಿದವನಿಗೆ ಅಲ್ಲಿ ಮಾಡಲು ಬೇರೇನೂ ಉಳಿಯುವುದಿಲ್ಲ. ಇದನ್ನು ನೋಡಿ ಇಂಥವೇ ಹಲವು ಆಟಗಳು ಬಂದವು. ಒಂದೆರಡು ವರ್ಷಗಳಲ್ಲಿ ಲೇಸರ್ ತಟ್ಟೆಯ ಮೋಹ ಇಳಿದುಹೋಯಿತು. ಸದಾ ಹಿಂದೆ ಮುಂದೆ ಹುಡುಕಾಡಬೇಕಾಗಿದ್ದ ತಟ್ಟೆಯಂತ್ರಗಳು ಪದೇ ಪದೇ ಕೈಕೊಟ್ಟದ್ದೂ ಇದಕ್ಕೆ ಕಾರಣವೆನ್ನಿ.

ಅದೇ ಹೊತ್ತಿಗೆ ಮನೆಯಲ್ಲಿ ಆಡುವ ಯಂತ್ರಗಳ ಪೇಟೆಯೂ ಕುಸಿಯುತ್ತಿತ್ತು. ಪೆಟ್ಟಿಗೆಯ ಮೇಲಿನ ಬಣ್ಣದ ಚಿತ್ರವನ್ನೂ ಸಿನಿಮಾದ ಹೆಸರನ್ನೂ ನೋಡಿ ಕೊಂಡ ಆಟಗಳು ಒಳಗೆ ಬರೀ ಜೊಳ್ಳು. ಸ್ಪೀಲ್‌ಬರ್ಗ್‌ರ 'ಇ.ಟಿ.' ಚಿತ್ರದ ಹೆಸರಿನಲ್ಲಿ 1982ರ ಕ್ರಿಸ್‌ಮಸ್‌ಗೆಂದು ಅಟಾರಿ ತರಿಸಿದ ಆಟವನ್ನು ಒಬ್ಬನೇ ಎಂಜಿನಿಯರ್ ಸುಮಾರು ಐದು ವಾರಗಳಲ್ಲಿ ಬರೆದು ಮುಗಿಸಬೇಕಾಯಿತು. ಮಾರಾಟವಾಗದೆ ಉಳಿದ ಸರಕನ್ನು 1983ರಲ್ಲಿ ನ್ಯೂ ಮೆಕ್ಸಿಕೊದ ಅಲಮಗಾರ್ಡೊ ಊರಿನ ಕಸದ ಗುಂಡಿಯಲ್ಲಿ ಹೂಳಲಾಯಿತು. ಬಹುಕಾಲ ದಂತಕಥೆಯಂತೆ ಕೇಳಿಬರುತ್ತಿದ್ದ ಈ ಸುದ್ದಿ 2014ರಲ್ಲಿ ಗುಂಡಿಯನ್ನು ಅಗೆದು ನೋಡಿದಾಗ ನಿಜವೆಂದು ಸಾಬೀತಾಯಿತು. ಅಮೆರಿಕದಲ್ಲಿ ಸುಮಾರು 300 ಕೋಟಿ ಡಾಲರಿನಷ್ಟಿದ್ದ ಮನೆ ಆಟಗಳ ವಹಿವಾಟು 1985ರ ಹೊತ್ತಿಗೆ ಸುಮಾರು 10 ಕೋಟಿಗೆ ಇಳಿಯಿತು. ಈ ಕುಸಿತಕ್ಕೆ ಚಿತ್ರದ ಚಂದ ಕಾರಣವಲ್ಲ; ಹೊರಗೆ ತೋರಿಸಿದ್ದಕ್ಕೂ ಒಳಗೆ ಕೊಟ್ಟದ್ದಕ್ಕೂ ಇದ್ದ ಅಂತರ ಕಾರಣ. ಈ ಮಾತನ್ನು ನೆನಪಿಟ್ಟುಕೊಳ್ಳೋಣ, ಮುಂದೆ ಬೇಕಾಗುತ್ತದೆ.

ಹಳೆಯ ಸರಕು, ಹೊಸ ಯೋಚನೆ

ಗೇಮ್ ಬಾಯ್‌ನ ರೂವಾರಿ ಗುನ್‌ಪೇ ಯೊಕೊಯ್. 1941ರಲ್ಲಿ ಹುಟ್ಟಿ, ಕ್ಯೋಟೊ ನಗರದ ದೊಶಿಶಾ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಾನಿಕ್ಸ್ ಓದಿ, 1965ರಲ್ಲಿ ಅದೇ ನಗರದ ನಿಂಟೆಂಡೊ ಸೇರಿದವರು. ಆಗ ನಿಂಟೆಂಡೊ ಎಂದರೆ ಇಸ್ಪೀಟೆಲೆ ಕಂಪನಿ. 1889ರಿಂದ ಹೂವಿನ ಚಿತ್ರಗಳ ಜಪಾನೀ ಎಲೆಗಳನ್ನು ಅಚ್ಚು ಹಾಕುತ್ತಿದ್ದ ಮನೆತನದ ಉದ್ಯಮ. ಎಲೆ ತಯಾರಿಸುವ ಯಂತ್ರಗಳನ್ನು ನೋಡಿಕೊಳ್ಳುವುದು ಯೊಕೊಯ್‌ರ ಕೆಲಸ. ಬೇಸರ ಕಳೆಯಲು ಅವರು ಮರದ ಪಟ್ಟಿಗಳನ್ನು ಕತ್ತರಿಯಂತೆ ಜೋಡಿಸಿ, ದೂರದ ವಸ್ತುವನ್ನು ಹಿಡಿದೆಳೆಯುವ ಒಂದು ಆಟಿಕೆ ಮಾಡಿಕೊಂಡಿದ್ದರು. ಅದು ಕಂಪನಿಯ ಯಜಮಾನ ಹಿರೋಶಿ ಯಮಾಉಚಿಯವರ ಕಣ್ಣಿಗೆ ಬಿತ್ತು. ಬೈಗುಳ ಕಾದಿದೆ ಎಂದುಕೊಂಡ ನೌಕರನಿಗೆ ಸಿಕ್ಕಿದ್ದು ಅದನ್ನೇ ಮಾರುಕಟ್ಟೆಗೆ ತರುವಂತೆ ಅಪ್ಪಣೆ. 1966ರಲ್ಲಿ ಬಂದ ಆ 'ಅಲ್ಟ್ರಾ ಹ್ಯಾಂಡ್' ಹತ್ತು ಲಕ್ಷಕ್ಕೂ ಹೆಚ್ಚು ಖರ್ಚಾಯಿತು.

ಯೊಕೊಯ್ ತಾನೇನೂ ಮಹಾ ತಂತ್ರಜ್ಞನಲ್ಲ ಎಂದು ಹೇಳಿಕೊಳ್ಳುತ್ತಿದ್ದರು. ಅವರ ಸೂತ್ರ ಒಂದೇ: ಬಳಸಿ ಬಳಸಿ ಸವೆದ, ಎಲ್ಲರಿಗೂ ಗೊತ್ತಿರುವ, ಅಗ್ಗವಾಗಿ ಸಿಗುವ ತಂತ್ರವನ್ನು ಎತ್ತಿಕೊ, ಅದನ್ನು ಯಾರೂ ಯೋಚಿಸದ ಕಡೆ ಬಳಸು. 'ಬಾಡಿದ ತಂತ್ರಕ್ಕೆ ಅಡ್ಡ ಯೋಚನೆ' ಎಂದು ಅದನ್ನು ಕನ್ನಡಿಸಬಹುದು. 1970ರ ದಶಕದಲ್ಲಿ ಜಪಾನಿನ ಕಂಪನಿಗಳ ಪೈಪೋಟಿಯಿಂದ ಕ್ಯಾಲ್ಕುಲೇಟರುಗಳ ಬೆಲೆ ಪಾತಾಳಕ್ಕಿಳಿದಿತ್ತು. ಅವುಗಳ ದ್ರವಸ್ಫಟಿಕ ಪರದೆ, ಚಿಪ್ಪುಗಳೂ ಅಗ್ಗ. ರೈಲಿನಲ್ಲಿ ಬೇಸತ್ತ ಪ್ರಯಾಣಿಕನೊಬ್ಬ ಕ್ಯಾಲ್ಕುಲೇಟರಿನ ಗುಂಡಿಗಳನ್ನು ಸುಮ್ಮನೆ ಒತ್ತುತ್ತ ಕುಳಿತದ್ದನ್ನು ಕಂಡ ಯೊಕೊಯ್‌ಗೆ ಜೇಬಿನಲ್ಲಿಟ್ಟುಕೊಳ್ಳುವ ಆಟದ ಯೋಚನೆ ಹೊಳೆಯಿತು. 1980ರಲ್ಲಿ ಬಂದ 'ಗೇಮ್ ಆ್ಯಂಡ್ ವಾಚ್' ಸರಣಿ ಹುಟ್ಟಿದ್ದು ಹೀಗೆ. ಅವು ನಾಲ್ಕು ಕೋಟಿಗೂ ಮಿಕ್ಕಿ ಮಾರಾಟವಾದವು. ಆ ಸರಣಿಯ ಒಂದು ಆಟಕ್ಕಾಗಿ 1982ರಲ್ಲಿ ಅವರು ರೂಪಿಸಿದ ಅಧಿಕ ಚಿಹ್ನೆಯ ಆಕಾರದ ಗುಂಡಿ ಮುಂದೆ ಜಗತ್ತಿನ ಹೆಚ್ಚಿನ ಆಟದ ಯಂತ್ರಗಳ ಮೇಲೆ ಒಂದಲ್ಲ ಒಂದು ರೂಪದಲ್ಲಿ ಬಂದು ಕುಳಿತಿತು.

ಗೇಮ್ ಬಾಯ್‌ಗೂ ಅದೇ ಸೂತ್ರ. ಬಣ್ಣದ ಪರದೆ ಹಾಕಲು ಆಗುತ್ತಿರಲಿಲ್ಲವೆಂದಲ್ಲ. ಹಾಕಿದರೆ ಬೆಲೆ ಏರುತ್ತದೆ, ಹಿಂಬದಿ ಬೆಳಕು ಬೇಕಾಗುತ್ತದೆ, ಬೆಳಕು ಸೆಲ್ಲುಗಳನ್ನು ನುಂಗುತ್ತದೆ, ಹೆಚ್ಚು ಸೆಲ್ ಹಾಕಿದರೆ ಯಂತ್ರ ಭಾರವಾಗುತ್ತದೆ. ಒಂದು ಆಸೆಯ ಬಾಲ ಹಿಡಿದು ನಾಲ್ಕು ತೊಂದರೆ. ಪ್ರತಿಸ್ಪರ್ಧಿ ಕಂಪನಿಯೊಂದು ಕೈಯಾಟದ ಯಂತ್ರ ತರುತ್ತಿದೆ ಎಂಬ ಸುದ್ದಿ ಬಂದಾಗ ಯೊಕೊಯ್ ಕೇಳಿದ ಒಂದೇ ಪ್ರಶ್ನೆ, ಅದರ ಪರದೆ ಬಣ್ಣದ್ದೇ ಎಂದು. ಹೌದೆಂಬ ಉತ್ತರ ಕೇಳಿ, ಹಾಗಾದರೆ ಚಿಂತೆಯಿಲ್ಲ ಎಂದು ನಿರಾಳರಾದರಂತೆ.

ಅಂಕಿಗಳನ್ನೇ ನೋಡಿ. ಲಿಂಕ್ಸ್‌ಗೆ ಆರು ಪೆನ್ಸಿಲ್ ಸೆಲ್ ಬೇಕು. ನಾಲ್ಕೈದು ಗಂಟೆಗಳಲ್ಲಿ ಖಾಲಿ. ಗೇಮ್ ಬಾಯ್‌ಗೆ ನಾಲ್ಕು ಸೆಲ್ ಸಾಕು. ಹತ್ತು ಗಂಟೆಗೂ ಹೆಚ್ಚು ನಡೆಯುತ್ತದೆ. ಲಿಂಕ್ಸ್ ಬೆಲೆ ಸುಮಾರು 180 ಡಾಲರ್, ಗೇಮ್ ಬಾಯ್‌ದು ಅದರ ಅರ್ಧ. ಮುಂದೆ ಸೆಗಾ ಕಂಪನಿಯೂ 'ಗೇಮ್ ಗೇರ್' ಎಂಬ ಬಣ್ಣದ ಯಂತ್ರ ತಂದು, ಜಾಹೀರಾತುಗಳಲ್ಲಿ ಗೇಮ್ ಬಾಯ್‌ನ ಮಂಕು ಪರದೆಯನ್ನು ಮನಸಾರೆ ಗೇಲಿ ಮಾಡಿತು. ಅದೂ ಆರು ಸೆಲ್ಲುಗಳನ್ನು ಕೆಲವೇ ಗಂಟೆಗಳಲ್ಲಿ ತಿನ್ನುವ ಯಂತ್ರವೇ. ಸುಮಾರು ಒಂದು ಕೋಟಿಯಷ್ಟು ಮಾರಾಟವಾಗಿ ಅದು ನಿಂತಿತು. ಸೆಲ್ಲಿಗೆ ಕಾಸು ಕೊಡಬೇಕಾದದ್ದು ಹುಡುಗರ ಅಪ್ಪ ಅಮ್ಮಂದಿರು ಎಂಬುದನ್ನು ಮರೆಯಬಾರದು.

ಮಾಸ್ಕೊದಿಂದ ಬಂದ ಇಟ್ಟಿಗೆಗಳು

ಯಂತ್ರ ಅಗ್ಗವಾದರೆ ಸಾಲದು, ಅದರಲ್ಲಿ ಆಡಲು ಏನಾದರೂ ಇರಬೇಕು. ಅದು ಬಂದದ್ದು ಯಾರೂ ನಿರೀಕ್ಷಿಸದ ಕಡೆಯಿಂದ. ಮಾಸ್ಕೊದ ವಿಜ್ಞಾನ ಅಕಾಡೆಮಿಯ ಗಣಕ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದ ಅಲೆಕ್ಸಿ ಪಾಜಿಟ್ನೊವ್ 1984ರಲ್ಲಿ 'ಟೆಟ್ರಿಸ್' ಬರೆದರು. ಅವರ ಮುಂದಿದ್ದ ಇಲೆಕ್ಟ್ರಾನಿಕಾ-60 ಯಂತ್ರಕ್ಕೆ ಚಿತ್ರ ಬಿಡಿಸುವ ಶಕ್ತಿಯೇ ಇರಲಿಲ್ಲ. ಅಕ್ಷರ ಮಾತ್ರ. ಆದ್ದರಿಂದ ಅವರು ಆವರಣ ಚಿಹ್ನೆಗಳನ್ನು ಜೋಡಿಸಿ ಇಟ್ಟಿಗೆಗಳನ್ನು ಮಾಡಿದರು. ನಾಲ್ಕು ನಾಲ್ಕು ಚೌಕಗಳ ಏಳು ಆಕಾರಗಳು ಮೇಲಿನಿಂದ ಬೀಳುತ್ತವೆ. ತಿರುಗಿಸಿ, ಸರಿಸಿ, ಕಂಡಿ ಉಳಿಯದಂತೆ ಜೋಡಿಸಬೇಕು. ಸಾಲು ತುಂಬಿದರೆ ಅದು ಮಾಯವಾಗುತ್ತದೆ. ಇದಕ್ಕಿಂತ ಹೆಚ್ಚಿನ ನಿಯಮವಿಲ್ಲ. ಇಲ್ಲಿ ಮಾಡಿದ ಒಳ್ಳೆಯ ಕೆಲಸ ಕಣ್ಣೆದುರೇ ಅಳಿಸಿಹೋಗುತ್ತದೆ, ತಪ್ಪುಗಳು ಮಾತ್ರ ರಾಶಿ ಬೀಳುತ್ತವೆ. ಅದೇ ಮನುಷ್ಯನನ್ನು ಮತ್ತೆ ಮತ್ತೆ ಕೂರಿಸುತ್ತದೆ.

ಫ್ಲಾಪಿಗಳ ಮೂಲಕ ಕೈಯಿಂದ ಕೈಗೆ ದಾಟಿ ಮಾಸ್ಕೊದ ಕಚೇರಿಗಳನ್ನೆಲ್ಲ ಹಬ್ಬಿದ ಈ ಆಟ ಹಂಗೆರಿಯ ಮೂಲಕ ಪಶ್ಚಿಮಕ್ಕೆ ಬಂತು. ಅದರ ಹಕ್ಕಿಗಾಗಿ ನಡೆದ ಜಗ್ಗಾಟ ಒಂದು ಕಾದಂಬರಿಗೆ ಸಾಕಾಗುವಷ್ಟಿದೆ. 1989ರ ಫೆಬ್ರವರಿಯಲ್ಲಿ ಹೆಂಕ್ ರೋಜರ್ಸ್ ಎಂಬ ಆಟದ ವ್ಯಾಪಾರಿ ಆಹ್ವಾನವಿಲ್ಲದೆ ಮಾಸ್ಕೊಗೆ ಹೋಗಿ, ಸೋವಿಯತ್ ಸರ್ಕಾರದ ಎಲೊರ್ಗ್ ಸಂಸ್ಥೆಯ ಬಾಗಿಲು ತಟ್ಟಿ, ಕೈಯಾಟದ ಹಕ್ಕನ್ನು ಪಡೆದುಕೊಂಡು ಬಂದರು. ಗೇಮ್ ಬಾಯ್ ಜೊತೆ ಮಾರಿಯೋ ಆಟವನ್ನು ಕೊಟ್ಟರೆ ಹುಡುಗರು ಕೊಳ್ಳುತ್ತಾರೆ, ಟೆಟ್ರಿಸ್ ಕೊಟ್ಟರೆ ಎಲ್ಲರೂ ಕೊಳ್ಳುತ್ತಾರೆ ಎಂಬುದು ರೋಜರ್ಸ್ ವಾದ. ನಿಂಟೆಂಡೊದ ಅಮೆರಿಕ ಶಾಖೆಯ ಮುಖ್ಯಸ್ಥ ಮಿನೊರು ಅರಕಾವ ಒಪ್ಪಿದರು.

ವಾದ ನಿಜವಾಯಿತು. ರೈಲಿನಲ್ಲಿ, ವಿಮಾನದಲ್ಲಿ, ಆಸ್ಪತ್ರೆಯ ಬೆಂಚಿನಲ್ಲಿ ದೊಡ್ಡವರೂ ಇಟ್ಟಿಗೆ ಜೋಡಿಸುತ್ತ ಕುಳಿತರು. 1993ರಲ್ಲಿ ಗಗನಯಾತ್ರಿ ಅಲೆಕ್ಸಾಂದರ್ ಸೆರೆಬ್ರೊವ್ ತಮ್ಮ ಗೇಮ್ ಬಾಯನ್ನು ಮಿರ್ ಅಂತರಿಕ್ಷ ನಿಲ್ದಾಣಕ್ಕೇ ಒಯ್ದರು. ಕೊಲ್ಲಿ ಯುದ್ಧದ ಬಾಂಬ್ ದಾಳಿಯಲ್ಲಿ ಸುಟ್ಟು ಕರಕಲಾದರೂ ಕೆಲಸ ಮಾಡುತ್ತಿದ್ದ ಒಂದು ಗೇಮ್ ಬಾಯನ್ನು ನ್ಯೂಯಾರ್ಕಿನ ನಿಂಟೆಂಡೊ ಮಳಿಗೆಯಲ್ಲಿ ಅನೇಕ ವರ್ಷ ಪ್ರದರ್ಶನಕ್ಕಿಟ್ಟಿದ್ದರು. ಅದರ ಮಂಕು ಪರದೆಯ ಮೇಲೆ ಓಡುತ್ತಿದ್ದದ್ದು ಟೆಟ್ರಿಸ್. ಇಷ್ಟೆಲ್ಲ ಕಾಸು ಹರಿದರೂ ಅದನ್ನು ಬರೆದ ಪಾಜಿಟ್ನೊವ್‌ಗೆ ಹತ್ತು ವರ್ಷಗಳಿಗೂ ಹೆಚ್ಚು ಕಾಲ ಗೌರವಧನ ದಕ್ಕಲಿಲ್ಲ. ಹಕ್ಕು ಅವರ ಕೈಸೇರಿದ್ದು 1996ರಲ್ಲಿ.

ನಮ್ಮೂರ ಜಾತ್ರೆಗಳಲ್ಲೂ ಈ ಆಟಕ್ಕೆ ಒಂದು ನೆನಪಿದೆ. 1990ರ ದಶಕದಲ್ಲಿ ಬೆಂಡು ಬತ್ತಾಸಿನ ಅಂಗಡಿಗಳ ಪಕ್ಕದಲ್ಲಿ, ಪೇಟೆಯ ಫುಟ್‌ಪಾತಿನಲ್ಲಿ ಸಿಗುತ್ತಿದ್ದ, ಸಾವಿರಾರು ಆಟಗಳಿವೆ ಎಂದು ಮೈಮೇಲೆ ಬರೆದುಕೊಂಡಿದ್ದ 'ಬ್ರಿಕ್ ಗೇಮ್' ಪ್ಲಾಸ್ಟಿಕ್ ಯಂತ್ರಗಳಲ್ಲಿ ಇದ್ದದ್ದು ಬಹುಪಾಲು ಟೆಟ್ರಿಸ್‌ನ ನಕಲೇ. ಪಾಜಿಟ್ನೊವ್ ಎಂಬ ಹೆಸರನ್ನೂ ಕೇಳದ ಎಷ್ಟೋ ಮನೆಗಳಲ್ಲಿ ಆ ಯಂತ್ರಕ್ಕಾಗಿ ಅಣ್ಣ ತಂಗಿಯರ ಕಿತ್ತಾಟ ನಡೆದಿದೆ. ಮುಂದೆ ನೋಕಿಯಾ ಮೊಬೈಲುಗಳಲ್ಲಿ 1997ರಿಂದ ಬಂದ ಹಾವಿನ ಆಟಕ್ಕೂ ಬಣ್ಣವಿರಲಿಲ್ಲ. ಕಪ್ಪು ಚುಕ್ಕಿಗಳ ಒಂದು ಸಾಲು, ಅಷ್ಟೇ. ಬಸ್ಸಿಗಾಗಿ ಕಾಯುವ ಹೊತ್ತನ್ನು ಅದು ಎಷ್ಟು ಜನರಿಗೆ ಹಗುರ ಮಾಡಿತೆಂಬುದಕ್ಕೆ ಲೆಕ್ಕವಿಲ್ಲ.

ನಾಣ್ಯದ ಇನ್ನೊಂದು ಮುಖ

ಇಲ್ಲಿಗೆ ಕಥೆ ನಿಲ್ಲಿಸಿದರೆ 'ಚಿತ್ರ ಕೆಟ್ಟದ್ದು, ಆಟ ಒಳ್ಳೆಯದು' ಎಂಬ ಸುಲಭದ ನೀತಿ ಸಿಗುತ್ತದೆ. ಇತಿಹಾಸ ಅಷ್ಟು ಸುಲಭವಾಗಿಲ್ಲ.

1993ರ ಡಿಸೆಂಬರಿನಲ್ಲಿ ಬಂದ 'ಡೂಮ್' ಆಟವನ್ನೇ ತೆಗೆದುಕೊಳ್ಳಿ. ಅಲ್ಲಿ ಆಡುವವನು ಪಾತ್ರದ ಕಣ್ಣಿನಿಂದಲೇ ಲೋಕವನ್ನು ನೋಡುತ್ತ ಮೂಲೆಮೂಲೆಗಳಲ್ಲಿ ಓಡಾಡುತ್ತಾನೆ. ಸಾಧಾರಣ ಕಂಪ್ಯೂಟರಿನಲ್ಲಿ ಅಷ್ಟು ವೇಗವಾಗಿ ಗೋಡೆ, ಮೆಟ್ಟಿಲು, ನೆರಳುಗಳನ್ನು ಬಿಡಿಸುವ ಉಪಾಯವನ್ನು ಜಾನ್ ಕಾರ್ಮ್ಯಾಕ್ ಕಂಡುಕೊಳ್ಳದಿದ್ದರೆ ಆ ಆಟವೇ ಇರುತ್ತಿರಲಿಲ್ಲ. ಕತ್ತಲ ಮೂಲೆಯಲ್ಲಿ ಏನೋ ಇದೆ ಎಂಬ ಭಯ ಚಿತ್ರದಿಂದಲೇ ಹುಟ್ಟಬೇಕು. ಇಲ್ಲಿ ಯಂತ್ರದ ವೇಗವೇ ಆಟದ ಉಸಿರು. 1996ರ 'ಸೂಪರ್ ಮಾರಿಯೋ 64' ಕೂಡ ಹಾಗೆಯೇ. ಮೂರು ಆಯಾಮದ ಲೋಕವನ್ನು ಬಿಡಿಸಬಲ್ಲ ಹೊಸ ಯಂತ್ರ ಅದಕ್ಕೆ ಬೇಕೇ ಬೇಕಿತ್ತು. ಆದರೆ ಮಿಯಾಮೊಟೊ ತಂಡ ಕೋಟೆ ಕೊತ್ತಲಗಳನ್ನು ಕಟ್ಟುವ ಮೊದಲು, ಬಯಲಿನಲ್ಲಿ ಒಂದು ಮೊಲವನ್ನು ಅಟ್ಟಿಸಿಕೊಂಡು ಓಡುವುದೇ ಮಜವಾಗಿರಬೇಕೆಂದು ಮಾರಿಯೋನ ಓಟ, ನೆಗೆತಗಳನ್ನು ತಿದ್ದುತ್ತ ಕುಳಿತಿತು. ಹೊಸ ಯಂತ್ರವನ್ನು ತೋರಿಕೆಗೆ ಬಳಸುವುದಕ್ಕೂ ಆಟಕ್ಕೆ ದುಡಿಸಿಕೊಳ್ಳುವುದಕ್ಕೂ ವ್ಯತ್ಯಾಸ ಇಲ್ಲಿದೆ.

ಇನ್ನು ಬರೀ ನೋಡುವ ಸುಖವೂ ಕೆಲವರಿಗೆ ಬೇಕಾದದ್ದೇ. ಡೂಮ್ ಬಂದ ವರ್ಷವೇ ಬಂದ 'ಮಿಸ್ಟ್' ಸುಂದರ ನಿಶ್ಚಲ ಚಿತ್ರಗಳ ಒಂದು ನಿರ್ಜನ ದ್ವೀಪ. ಇದರಲ್ಲಿ ಆಟವೆಲ್ಲಿದೆ ಎಂದು ಮೂಗು ಮುರಿದವರು ಹಲವರು. ಆದರೂ 2002ರವರೆಗೆ ಅದೇ ಕಂಪ್ಯೂಟರ್ ಆಟಗಳಲ್ಲಿ ಅತಿ ಹೆಚ್ಚು ಮಾರಾಟವಾದದ್ದು.

ಹಾಗೆಯೇ ಹಳೆಯ ತಂತ್ರ ಎಂದಾಕ್ಷಣ ಅದು ಗೆಲ್ಲುತ್ತದೆ ಎಂದೂ ಅಲ್ಲ. ಇದಕ್ಕೆ ಸಾಕ್ಷಿ ಯೊಕೊಯ್‌ರೇ. 1995ರಲ್ಲಿ ಅವರು ತಂದ 'ವರ್ಚುವಲ್ ಬಾಯ್' ಕಣ್ಣಿಗೊತ್ತಿಕೊಂಡು ನೋಡುವ ಯಂತ್ರ. ಅಗ್ಗದ ಕೆಂಪು ದೀಪಗಳಿಂದಲೇ ಆಳದ ಭ್ರಮೆ ಹುಟ್ಟಿಸುವ ಸಾಹಸ. ಸೂತ್ರ ಅದೇ, ಫಲ ಬೇರೆ. ಕಪ್ಪು ಕೆಂಪು ಚಿತ್ರ ನೋಡಿ ಹಲವರಿಗೆ ತಲೆನೋವು ಬಂತು. ಆ ಭ್ರಮೆ ಬಿಟ್ಟರೆ ಅದರಲ್ಲಿ ಆಡಲು ಒಳ್ಳೆಯ ಆಟಗಳು ಹೆಚ್ಚಿರಲಿಲ್ಲ. ಎಂಟು ಲಕ್ಷವೂ ಮಾರಾಟವಾಗದೆ ಅದು ಮರುವರ್ಷವೇ ಅಂಗಡಿಗಳಿಂದ ಹೊರಬಿತ್ತು. ಯೊಕೊಯ್ 1996ರಲ್ಲಿ, ಮೂವತ್ತೊಂದು ವರ್ಷ ದುಡಿದ ಕಂಪನಿಯನ್ನು ಬಿಟ್ಟರು. 1997ರ ಅಕ್ಟೋಬರಿನಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಆಗ ಅವರಿಗೆ 56 ವರ್ಷ. ಕೊನೆಯ ದಿನಗಳಲ್ಲಿ ಅವರು ತೊಡಗಿಕೊಂಡಿದ್ದ ಯಂತ್ರ 1999ರಲ್ಲಿ ಬಂಡಾಯ್ ಕಂಪನಿಯಿಂದ 'ವಂಡರ್‌ಸ್ವಾನ್' ಎಂಬ ಹೆಸರಿನಲ್ಲಿ ಹೊರಬಂತು. ಅದಕ್ಕೂ ಬಣ್ಣದ ಪರದೆ ಇರಲಿಲ್ಲ. ಒಂದೇ ಸೆಲ್ ಸಾಕಿತ್ತು.

ಚಿತ್ರವೇ ಏಕೆ ಮುಂದಾಗುತ್ತದೆ?

ಹಾಗಾದರೆ ಕಂಪನಿಗಳು ಚಿತ್ರದ ಬೆನ್ನು ಹತ್ತುವುದೇಕೆ? ಆಟದ ಸುಖವೇ ಮುಖ್ಯವೆಂದು ಅವುಗಳಿಗೆ ಗೊತ್ತಿಲ್ಲವೇ? ಗೊತ್ತಿದೆ. ಆದರೆ ಚಿತ್ರವನ್ನು ತೋರಿಸಬಹುದು, ಆಟವನ್ನು ತೋರಿಸಲಾಗದು. ಪತ್ರಿಕೆಯ ಪುಟದಲ್ಲಿ, ಟಿವಿ ಜಾಹೀರಾತಿನಲ್ಲಿ, ಅಂಗಡಿಯ ಗಾಜಿನ ಹಿಂದೆ ಚಂದ ಒಂದೇ ಕ್ಷಣದಲ್ಲಿ ಕಣ್ಣಿಗೆ ಬೀಳುತ್ತದೆ. ಗುಂಡಿ ಒತ್ತಿದ ತಕ್ಷಣ ಪಾತ್ರ ಹೇಗೆ ನೆಗೆಯುತ್ತದೆ, ಸೋತಾಗ ಇನ್ನೊಂದು ಸಲ ಆಡೋಣ ಎನಿಸುತ್ತದೆಯೇ ಎಂಬುದು ಕೊಂಡು ಮನೆಗೆ ತಂದ ಮೇಲಷ್ಟೇ ತಿಳಿಯುವ ಸಂಗತಿ. ಹೋಳಿಗೆಯ ಹೊಳಪು ಅಂಗಡಿಯಲ್ಲಿ ಕಾಣುತ್ತದೆ, ಹೂರಣ ಬಾಯಿಗೆ ಹಾಕಿದ ಮೇಲೆ.

ಎರಡನೆಯದು, ಚಿತ್ರವನ್ನೂ ಯಂತ್ರಬಲವನ್ನೂ ಅಂಕಿಗಳಲ್ಲಿ ಹೇಳಬಹುದು. 8 ಬಿಟ್, 16 ಬಿಟ್, 32 ಬಿಟ್ ಎಂದು 1990ರ ದಶಕವಿಡೀ ಕಂಪನಿಗಳು ಎದೆ ತಟ್ಟಿಕೊಂಡವು. ಮಂಕು ಪರದೆಯಿಂದ ಹಣ ಗಳಿಸಿದ ನಿಂಟೆಂಡೊ ಕೂಡ 1996ರಲ್ಲಿ ತನ್ನ ಯಂತ್ರದ ಹೆಸರಿಗೇ 64 ಎಂಬ ಅಂಕಿ ಸೇರಿಸಿತು. ಆಡುವ ಸುಖಕ್ಕೆ ಇಂಥ ಮಾಪನವಿಲ್ಲ. ಹಣ ಹೂಡುವವರಿಗೆ ತೋರಿಸಲು ಅಂಕಿ ಇರುವ ಸಂಗತಿಯೇ ಅನುಕೂಲ.

2006ರಲ್ಲಿ ಈ ಪರೀಕ್ಷೆ ಮತ್ತೊಮ್ಮೆ ನಡೆಯಿತು. ಸೋನಿಯ ಪ್ಲೇಸ್ಟೇಷನ್ 3 ಅತಿ ಬಲಶಾಲಿ ಯಂತ್ರ. ಅಮೆರಿಕದಲ್ಲಿ ಅದರ ಬೆಲೆ 500 ಮತ್ತು 600 ಡಾಲರ್. ನಿಂಟೆಂಡೊದ ವೀ ಹಿಂದಿನ ಪೀಳಿಗೆಯ ಯಂತ್ರಕ್ಕಿಂತ ಅಷ್ಟೇನೂ ಬಲಶಾಲಿಯಲ್ಲ. ಬೆಲೆ 250 ಡಾಲರ್. ಆದರೆ ಅದರ ಕೈಕೋಲನ್ನು ಬೀಸಿದರೆ ಪರದೆಯ ಮೇಲೆ ಟೆನಿಸ್ ಬ್ಯಾಟ್ ಬೀಸುತ್ತಿತ್ತು. ಹಿಗಿನ್‌ಬಾಥಮ್‌ರ ಅದೇ ಟೆನಿಸ್, ಅರ್ಧ ಶತಮಾನದ ನಂತರ! ವೃದ್ಧಾಶ್ರಮಗಳಲ್ಲೂ ಅಜ್ಜ ಅಜ್ಜಿಯರು ಎದ್ದು ನಿಂತು ಆಡಿದರು. ವೀ 10 ಕೋಟಿ ದಾಟಿತು. ಪ್ಲೇಸ್ಟೇಷನ್ 3 ಸುಮಾರು 8 ಕೋಟಿ 70 ಲಕ್ಷಕ್ಕೆ ನಿಂತಿತು. ಆದರೆ 2012ರಲ್ಲಿ ಬಂದ ಅದರ ಉತ್ತರಾಧಿಕಾರಿ ವೀ ಯು ಒಂದೂವರೆ ಕೋಟಿಯನ್ನೂ ಮುಟ್ಟಲಿಲ್ಲ. ಯುಕ್ತಿ ಪ್ರತಿಸಲವೂ ಫಲಿಸುವುದಿಲ್ಲ.

ಬೆಡಗಿನ ಬೆಲೆ

ಈ ಪ್ರಶ್ನೆ ಈಗ ಹುಡುಗರ ಹರಟೆಯ ವಿಷಯವಾಗಿ ಉಳಿದಿಲ್ಲ. 2023ರಲ್ಲಿ ಅಮೆರಿಕದ ನ್ಯಾಯಾಲಯವೊಂದರಲ್ಲಿ ಬಹಿರಂಗವಾದ ದಾಖಲೆಗಳ ಪ್ರಕಾರ ಸೋನಿಯ 'ದ ಲಾಸ್ಟ್ ಆಫ್ ಅಸ್'ನ ಎರಡನೆಯ ಭಾಗಕ್ಕೆ ತಗುಲಿದ ವೆಚ್ಚ ಸುಮಾರು 22 ಕೋಟಿ ಡಾಲರ್. ಕೂದಲೆಳೆ, ಬೆವರ ಹನಿಗಳನ್ನೂ ಬಿಡಿಸುವ ಇಂಥ ಆಟಕ್ಕೆ ನೂರಾರು ಜನ ವರ್ಷಗಟ್ಟಲೆ ದುಡಿಯಬೇಕು. ಅಷ್ಟು ಹಣ ಹೂಡಿದವನಿಗೆ ಹೊಸ ಬಗೆಯ ಆಟವನ್ನು ಪ್ರಯತ್ನಿಸುವ ಧೈರ್ಯ ಇರುವುದಿಲ್ಲ. ಗೆದ್ದದ್ದನ್ನೇ ಇನ್ನಷ್ಟು ಚಂದವಾಗಿ ಮತ್ತೆ ಮಾಡುತ್ತಾನೆ. ಒಂದೆರಡು ಸೋತರೆ ಕಂಪನಿಯೇ ಮುಚ್ಚಬಹುದು. 2023 ಮತ್ತು 2024ರಲ್ಲಿ ಈ ಉದ್ಯಮದಲ್ಲಿ ಸಾವಿರಾರು ಜನ ಕೆಲಸ ಕಳೆದುಕೊಂಡರು. ಕಾರಣಗಳು ಹಲವು, ಏರುತ್ತಲೇ ಹೋದ ವೆಚ್ಚವೂ ಅವುಗಳಲ್ಲಿ ಒಂದು.

2020ರ ಡಿಸೆಂಬರಿನಲ್ಲಿ ಬಂದ 'ಸೈಬರ್‌ಪಂಕ್ 2077' ಪ್ರಸಂಗ ಇನ್ನೊಂದು ಪಾಠ. ವರ್ಷಗಟ್ಟಲೆ ತೋರಿಸಿದ ಚಿತ್ರಗಳು ಕಣ್ಣು ಕೋರೈಸುವಂತಿದ್ದವು. ಆದರೆ ಹೆಚ್ಚಿನವರ ಮನೆಯಲ್ಲಿದ್ದ ಹಳೆಯ ಯಂತ್ರಗಳಲ್ಲಿ ಅದು ತಡವರಿಸಿತು, ನಡುವೆಯೇ ನಿಂತುಹೋಯಿತು. ಸೋನಿ ಒಂದೇ ವಾರದಲ್ಲಿ ಅದನ್ನು ತನ್ನ ಮಳಿಗೆಯಿಂದ ತೆಗೆದು ಹಣ ಹಿಂದಿರುಗಿಸಬೇಕಾಯಿತು. ತಯಾರಕರು ದುರಸ್ತಿ ಮಾಡಿ ಮಾನ ಉಳಿಸಿಕೊಳ್ಳಲು ವರ್ಷಗಳೇ ಹಿಡಿದವು. ತೋರಿಸಿದ್ದು ಒಂದು, ಕೊಟ್ಟದ್ದು ಇನ್ನೊಂದು. ಅಲಮಗಾರ್ಡೊದ ಗುಂಡಿಯ ನೆನಪಾಗದಿರದು.

ಇದೇ ಕಾಲದಲ್ಲಿ ಸ್ವೀಡನ್ನಿನ ಮಾರ್ಕಸ್ ಪೆರ್ಸನ್ ಆರಂಭಿಸಿದ 'ಮೈನ್‌ಕ್ರಾಫ್ಟ್' ಎಂಬ ಒರಟು ಚೌಕಗಳ ಆಟ 2023ರ ಹೊತ್ತಿಗೆ 30 ಕೋಟಿ ಪ್ರತಿಗಳನ್ನು ದಾಟಿತ್ತು. ಅದರಲ್ಲಿ ಮರವೂ ಚೌಕ, ಸೂರ್ಯನೂ ಚೌಕ. ಮಕ್ಕಳು ಅದರಲ್ಲಿ ಊರುಗಳನ್ನೇ ಕಟ್ಟುತ್ತಾರೆ.

ಚಿತ್ರದ ಹಂಬಲ ವ್ಯರ್ಥವಾಯಿತೇ? ಹಾಗೂ ಹೇಳಲಾಗದು. ಆಟದ ಚಿತ್ರಗಳನ್ನು ವೇಗವಾಗಿ ಬಿಡಿಸಲೆಂದು ಎನ್ವಿಡಿಯಾದಂಥ ಕಂಪನಿಗಳು ರೂಪಿಸಿದ ಚಿಪ್ಪುಗಳು ಸಾವಿರಾರು ಲೆಕ್ಕಗಳನ್ನು ಏಕಕಾಲಕ್ಕೆ ಮಾಡಬಲ್ಲವು. 2012ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಸಂಶೋಧಕರು ಅಂಥ ಎರಡು ಕಾರ್ಡುಗಳನ್ನು ಬಳಸಿ ಚಿತ್ರಗಳನ್ನು ಗುರುತಿಸುವುದನ್ನು ಕಂಪ್ಯೂಟರಿಗೆ ಕಲಿಸಿದರು. ಇಂದಿನ ಕೃತಕ ಬುದ್ಧಿಮತ್ತೆಯ ಅಲೆಗೆ ಅದೊಂದು ಮುಖ್ಯ ತಿರುವು. ಆಟಗಾರರು ಬೆಡಗಿಗೆಂದು ತೆತ್ತ ಹಣ ಬೇರೆಲ್ಲೋ ಫಲ ಕೊಟ್ಟಿತು.

ಕೊನೆಗೆ ಯಾವುದು ಉಳಿಯುತ್ತದೆ? ಹಂಪಿಯ ಕಲ್ಲುಹಾಸುಗಳ ಮೇಲೆ ಯಾರೋ ಕೆತ್ತಿ ಆಡಿದ ಆಟದ ಮನೆಗಳು ಇನ್ನೂ ಕಾಣುತ್ತವೆ. ಚೌಕಾಬಾರವನ್ನು ಅರಮನೆಯಲ್ಲಿ ಕೆತ್ತನೆಯ ಮಣೆಯ ಮೇಲೆ ಆಡಿರಬಹುದು, ಜಗಲಿಯಲ್ಲಿ ಸೀಮೆಸುಣ್ಣದ ಗೆರೆಗಳ ಮೇಲೆ ಹುಣಸೆ ಬೀಜ ಇಟ್ಟೂ ಆಡಿರಬಹುದು; ಕಾಯಿ ಕಡಿಸಿಕೊಂಡವನ ಸಂಕಟ ಎರಡು ಕಡೆಯೂ ಒಂದೇ. 2023ರ ಡಿಸೆಂಬರಿನಲ್ಲಿ ಅಮೆರಿಕದ 13 ವರ್ಷದ ಬಾಲಕನೊಬ್ಬ 1989ರ ನಿಂಟೆಂಡೊ ಟೆಟ್ರಿಸನ್ನು, ಲೆಕ್ಕ ತಪ್ಪಿ ಯಂತ್ರವೇ ಸ್ತಬ್ಧವಾಗುವವರೆಗೆ ಆಡಿದ. ಅಲ್ಲಿಯವರೆಗೆ ಯಾವ ಮನುಷ್ಯನೂ ಆ ಹಂತವನ್ನು ಮುಟ್ಟಿರಲಿಲ್ಲ. ಆತ ಹುಟ್ಟುವ ಎಷ್ಟೋ ವರ್ಷ ಮೊದಲು ಬಂದ ಆಟ ಅದು. ಆ ವರ್ಷ ಅಂಗಡಿಯಲ್ಲಿ ಅತಿ ಚಂದವಾಗಿ ಕಂಡಿದ್ದ ಯಂತ್ರದ ಹೆಸರು ಇಂದು ಹಳೆಯ ವಸ್ತುಗಳನ್ನು ಕೂಡಿಡುವ ಹವ್ಯಾಸಿಗಳನ್ನು ಬಿಟ್ಟರೆ ಹೆಚ್ಚಿನವರಿಗೆ ನೆನಪಿಲ್ಲ.